ಟಿವಿಗೆ ರಿಯಾಯಿತಿ, ಮೊಬೈಲಿಗೆ ಪಂಗನಾಮ!

ಅಲ್ಲಾ ಸ್ವಾಮಿ, 2025ರ ಸೆಪ್ಟೆಂಬರ್ 22ಕ್ಕೆ ಜಿ.ಎಸ್.ಟಿ. ಇಳೀತಲ್ಲ, ನಮ್ಮಂಥ ಹುಡುಗರಿಗೆ ಸಿಕ್ಕಿದ್ದೇನು? 32 ಇಂಚಿಗಿಂತ ದೊಡ್ಡ ಟಿವಿಗೆ 28 ಪರ್ಸೆಂಟ್ ಇದ್ದ ತೆರಿಗೆ 18 ಆಯ್ತು. ಸಂತೋಷ! ಆದರೆ ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗುವ ನಾವು ಅದನ್ನು ಯಾವ ಗೋಡೆಗೆ ತಗುಲಿಸೋಣ? ನಮ್ಮ ಟಿವಿ, ಬ್ಯಾಂಕು, ಅಷ್ಟೇಕೆ, ಅರ್ಧ ಟಾಕೀಸೂ ಜೇಬಿನ ಮೊಬೈಲೇ. ಅದರ ತೆರಿಗೆ 2020ರ ಏಪ್ರಿಲ್‌ನಲ್ಲಿ 12ರಿಂದ 18ಕ್ಕೆ ಏರಿದ್ದು, ಟಿವಿಗೆ ಇಳಿದಾಗಲೂ ಇಳಿಯಲಿಲ್ಲ!

ಲೆಕ್ಕ ಹಾಕಿ. ಅಂಗಡಿಯಲ್ಲಿ 15,000 ಕೊಟ್ಟು ಫೋನ್ ತಗೊಂಡರೆ ಅದರಲ್ಲಿ ಸುಮಾರು 2,288 ರೂಪಾಯಿ ಬರೀ ತೆರಿಗೆ. ನೂರು ರೂಪಾಯಿ ಟಿಕೆಟ್ಟಿನಲ್ಲಿ 22 ಸಿನಿಮಾ!

ಹೌದು, ನೂರರೊಳಗಿನ ಟಿಕೆಟ್ಟಿಗೆ ತೆರಿಗೆ 12ರಿಂದ 5ಕ್ಕೆ ಬಂತು. ನಮ್ಮೂರ ಹಳೇ ಟಾಕೀಸಿಗೆ ಇದು ಒಳ್ಳೇದೇ. ಮಲ್ಟಿಪ್ಲೆಕ್ಸಿನಲ್ಲಿ ಅಂಥ ಟಿಕೆಟ್ ಹುಡುಕೋರಿಗೆ ನನ್ನ ನಮಸ್ಕಾರ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತ್ತು. ಶಿಳ್ಳೆ ಹೊಡೆದು ಮುಗಿಸೋದರೊಳಗೆ ಹೈಕೋರ್ಟಿನಿಂದ ತಡೆ!

ನನ್ನ ಫೋನಿನ ಗಾಜು ಬಿರುಕು ಬಿಟ್ಟು ವರ್ಷವಾಯ್ತು. "ಕಂತಿನಲ್ಲಿ ಹೊಸದು ತಗೊಳ್ಳೋ, ಬಡ್ಡಿ ಇಲ್ಲ ಕಣೋ" ಅಂತಾನೆ ರೂಮಿನ ಗೆಳೆಯ. ನಾನಂತೂ ಕಂತು ಕಟ್ಟೋಲ್ಲ. ಆ ದುಡ್ಡಿಗೆ ಬಾಲ್ಕನಿಯಲ್ಲಿ ಕೂತು ಸಿನಿಮಾ ನೋಡ್ತೀನಿ.