ಪಾಟೀಸವಾಲಿಗೆ ಕೂತ ಯಂತ್ರಸಾಕ್ಷಿ

ಪಾಟೀಸವಾಲು ಅಂದರೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಸಿನಿಮಾ. ಕರಿಕೋಟಿನ ನಾಯಕ ಮೇಜು ಕುಟ್ಟುತ್ತಾನೆ, ಸಾಕ್ಷಿ ಬೆವರುತ್ತಾನೆ, ಸತ್ಯ ಹೊರಬೀಳುತ್ತದೆ. ಜಿಲ್ಲಾ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಒಂದು ವಾರ ಕೂತವರಿಗೆ ಗೊತ್ತು, ಅಲ್ಲಿ ಹೆಚ್ಚು ಕೇಳಿಸುವುದು ಕೀಬೋರ್ಡಿನ ಸದ್ದು.

ಸಾಕ್ಷಿಗಳು ಆಡಿದ ಮಾತು ಕಾಗದಕ್ಕೆ ಹೇಗೆ ಇಳಿಯುತ್ತದೆ ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ಜೊತೆಗೆ ವಾರಕ್ಕೆರಡು ದಿನ ಕಾನೂನು ಪದವಿಯ ಕೊನೆಯ ವರ್ಷದವರಿಗೆ ಅಣಕು ನ್ಯಾಯಾಲಯದ ತರಗತಿ ನಡೆಸುತ್ತೇನೆ. ಈ ವರ್ಷ ವಿಭಾಗಕ್ಕೆ ವಿಚಾರಣೆ ಅಭ್ಯಾಸ ಮಾಡಿಸುವ ತಂತ್ರಾಂಶವೊಂದು ಬಂತು. “ಸ್ವಲ್ಪ ನೋಡಮ್ಮಾ, ಹುಡುಗರನ್ನ ಕೋರ್ಟಿಗೆ ಕರ್ಕೊಂಡು ಹೋಗೋ ತಾಪತ್ರಯ ತಪ್ಪುತ್ತೇನೋ” ಎಂದರು ಹಿರಿಯ ಪ್ರಾಧ್ಯಾಪಕರೊಬ್ಬರು. ನೋಡಿ ಒಂದು ಟಿಪ್ಪಣಿ ಬರೆದುಕೊಡುವುದು ನನ್ನ ಪಾಲಿಗೆ ಬಂತು.

ತಾಪತ್ರಯವೇನೋ ನಿಜ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ವಿದ್ಯಾರ್ಥಿಗಳು ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕಣ್ಣಾರೆ ನೋಡಿ ಬರೆಯಬೇಕು. ಅದಕ್ಕೆ 30 ಅಂಕ. ಹೋದ ದಿನ ಸಾಕ್ಷಿ ಬಂದಿರುವುದಿಲ್ಲ, ಬಂದ ದಿನ ವಕೀಲರು ಸಮಯ ಕೇಳುತ್ತಾರೆ. ಆದರೆ ನನ್ನ ತರಗತಿಯ ಬಹಳಷ್ಟು ಮಕ್ಕಳ ಮನೆಯಲ್ಲಿ ವಕೀಲರಿಲ್ಲ. ಅವರು ಕೋರ್ಟಿನ ಒಳಗೆ ಕಾಲಿಡುವುದೇ ಈ 30 ಅಂಕದ ನೆಪದಲ್ಲಿ.

ತಂತ್ರಾಂಶ ಶುರುಮಾಡುವುದು ಕಷ್ಟವಲ್ಲ. ಹೆಡ್‌ಫೋನ್ ಹಾಕಿಕೊಂಡು, ಯಾರ ಪರ ಎಂದು ಆರಿಸಿಕೊಂಡರೆ ತೆರೆಯ ಮೇಲೆ ಸಾಕ್ಷಿಕಟ್ಟೆ ಮೂಡುತ್ತದೆ. ಕಷ್ಟವಿರುವುದು ಅದಕ್ಕೆ ಮುಂಚೆ. ದೂರು, ಮಹಜರು, ಪೊಲೀಸರ ಮುಂದಿನ ಹೇಳಿಕೆ ಎಲ್ಲವನ್ನೂ ನಾವೇ ಬರೆದು ತುಂಬಬೇಕು. ಸಾಕ್ಷಿ ಏನು ಕಂಡಿದ್ದಾರೆ, ಏನು ಮುಚ್ಚಿಡುತ್ತಾರೆ, ಸ್ವಭಾವ ಎಂಥದ್ದು ಎಂಬುದನ್ನೂ. ಜ್ಯೂರಿಯನ್ನು ಉದ್ದೇಶಿಸಿ ಮಾತಾಡುವ ಒಂದು ಹಂತವೂ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದೀಚೆಗೆ ನಮ್ಮಲ್ಲಿ ಜ್ಯೂರಿಗೆ ಜಾಗವಿಲ್ಲ, ಅದನ್ನು ತೆಗೆದುಹಾಕಿದೆ. ಒಂದು ಅಡಿಕೆ ಕಳವಿನ ಮೊಕದ್ದಮೆ ಕಟ್ಟಿದೆ. ಸಾಕ್ಷಿ, ಪಕ್ಕದ ಮನೆಯ ಅಜ್ಜಿ. ಆರೋಪಿಯ ಮುಖ ಟಾರ್ಚ್ ಬೆಳಕಲ್ಲಿ ಕಂಡಿತು ಎಂದು ಪೊಲೀಸರಿಗೆ ಹೇಳಿದ್ದಾಳೆ. ಕೋರ್ಟಿನಲ್ಲಿ ಬೆಳದಿಂಗಳು ಅನ್ನುತ್ತಾಳೆ.

ಮೊದಲು ಕೂತ ಹುಡುಗ ಉಸಿರು ಬಿಡದೆ ಕೇಳಿದ: “ನೀವು ಆ ರಾತ್ರಿ ಎದ್ದು ಹೊರಗೆ ಬಂದು ಆರೋಪಿಯನ್ನು ನೋಡಿ ಕೂಗಿಕೊಂಡಿರಿ, ಅಲ್ಲವೇ?” ಯಂತ್ರದಜ್ಜಿ ಶಾಂತವಾಗಿ, “ಇದರಲ್ಲಿ ಯಾವುದಕ್ಕೆ ಉತ್ತರಿಸಲಿ?” ಎಂದಳು. ಒಂದು ಪ್ರಶ್ನೆಗೆ ಒಂದೇ ಸಂಗತಿ ಎಂದು ನಾನು ಇಡೀ ಸೆಮಿಸ್ಟರ್ ಹೇಳಿದ್ದು ಅವನಿಗೆ ಹತ್ತು ನಿಮಿಷದಲ್ಲಿ ಹತ್ತಿತು. ಇಂಗ್ಲಿಷಿನ ಅಣಕು ಸ್ಪರ್ಧೆಗಳಲ್ಲಿ ಬಾಯಿಯೇ ತೆರೆಯದ ಹುಡುಗಿಯೊಬ್ಬಳು ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಅದೇ ಅಜ್ಜಿಯನ್ನು ಮುಕ್ಕಾಲು ಗಂಟೆ ಕೇಳಿದಳು. ಯಂತ್ರಕ್ಕೆ ಬೇಸರವಿಲ್ಲ, ನಗುವುದೂ ಇಲ್ಲ. ಇಷ್ಟಕ್ಕೇ ಅದರ ದುಡ್ಡು ದಂಡವಲ್ಲ ಎಂದುಕೊಂಡೆ. ಅಜ್ಜಿಯ ಕನ್ನಡ ಮಾತ್ರ ವಾರ್ತೆ ಓದುವವರದ್ದು. “ನಾನು ಅಂಗಳದಲ್ಲಿ ಉಪಸ್ಥಿತಳಿದ್ದೆ” ಅಂತ ಯಾವ ಅಜ್ಜಿ ಹೇಳುತ್ತಾಳೆ!

ತೊಡಕು ಶುರುವಾದದ್ದು ಟಾರ್ಚಿನ ಬಳಿ. ಹಿಂದಿನ ಹೇಳಿಕೆ ತೋರಿಸಿದ ಕೂಡಲೇ ತೆರೆಯ ಮೇಲೆ ಸಾಕ್ಷಿಯ ನಂಬಿಕೆಯ ಅಂಕ ದಡದಡ ಇಳಿಯಿತು, ಹುಡುಗರು ಚಪ್ಪಾಳೆ ತಟ್ಟಿದರು. ನಮ್ಮ ಕೋರ್ಟಿನಲ್ಲಿ ಅಷ್ಟು ಬೇಗ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿಯೇ ಇರುವುದಿಲ್ಲ. “ಹಾಗೆ ಹೇಳೇ ಇಲ್ಲ” ಅಂದುಬಿಟ್ಟರೆ ಆ ಭಾಗವನ್ನು ಓದಿ ಹೇಳಿ, ಗುರುತು ಮಾಡಿಸಿ, ಮುಂದೆ ತನಿಖಾಧಿಕಾರಿ ಕಟ್ಟೆ ಹತ್ತಿದಾಗ ಅವರ ಬಾಯಿಂದ ಸಾಬೀತು ಮಾಡಿಸಬೇಕು. ಹಳೆಯ ಸಾಕ್ಷ್ಯ ಅಧಿನಿಯಮದ 145ನೇ ಕಲಂ, 2024ರ ಜುಲೈ 1ರಿಂದ ಹೊಸದರ 148. ಅಜ್ಜಿಗೂ ಅಧಿಕಾರಿಗೂ ನಡುವೆ ಎಷ್ಟೋ ತಿಂಗಳು ಕಳೆಯಬಹುದು. ಅಷ್ಟರಲ್ಲಿ ವಕೀಲರು ಮರೆತರೆ ಟಾರ್ಚೂ ಇಲ್ಲ, ಬೆಳದಿಂಗಳೂ ಇಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ತಂತ್ರಾಂಶದಲ್ಲಿ ಆಡಿದ ಮಾತೆಲ್ಲ ಅಕ್ಷರ ಬಿಡದೆ ದಾಖಲಾಗುತ್ತದೆ. ನಾನು ಕೂತು ನೋಡಿದ ಕೋರ್ಟುಗಳಲ್ಲಿ ಸಾಕ್ಷಿ ಆಡುತ್ತಾರೆ, ನ್ಯಾಯಾಧೀಶರು ಕೇಳಿ ಹೇಳಿ ಬರೆಸುತ್ತಾರೆ, ಬೆರಳಚ್ಚುಗಾರರು ಒತ್ತುತ್ತಾರೆ. “ಅವತ್ತು ಬೆಳದಿಂಗಳು ಇರಲಿಲ್ಲ ಅಂದ್ರೆ?” ಎಂಬ ಪ್ರಶ್ನೆಗೆ ನಿಜವಾದ ಅಜ್ಜಿಯೊಬ್ಬಳು, “ತಿಥಿ ನೋಡ್ಕೊಂಡು ಯಾರಪ್ಪ ಹೊರಗೆ ಬರ್ತಾರೆ” ಅನ್ನಬಹುದು. ಇದು ಕಾಗದದಲ್ಲಿ “ಬೆಳದಿಂಗಳು ಇರಲಿಲ್ಲ ಎಂದರೆ ಸರಿಯಲ್ಲ” ಎಂದಾಗಬಹುದು, “ಎಂದರೆ ನನಗೆ ಗೊತ್ತಿಲ್ಲ” ಎಂದೂ ಆಗಬಹುದು. ಮೊದಲನೆಯದರಲ್ಲಿ ಅಜ್ಜಿ ತನ್ನ ಮಾತಿಗೆ ನಿಂತಿದ್ದಾಳೆ, ಎರಡನೆಯದರಲ್ಲಿ ಸಡಿಲಾಗಿದ್ದಾಳೆ. ಮೇಲ್ಮನವಿಯಲ್ಲಿ ಓದುವವರಿಗೆ ಅಜ್ಜಿಯ ದನಿ ಸಿಗದು, ಈ ಸಾಲು ಮಾತ್ರ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯಾಗಿ ಬರೆದರೂ, ನ್ಯಾಯಾಧೀಶರು ಇಚ್ಛಿಸಿದರೆ ಪ್ರಶ್ನೋತ್ತರ ರೂಪದಲ್ಲೇ ಬರೆಯಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದನ್ನು ಕೇಳಬೇಕಾದವರು ವಕೀಲರು, ಆ ಗಳಿಗೆಯಲ್ಲೇ, ಪೀಠಕ್ಕೆ ಕಿರಿಕಿರಿಯಾಗದ ಹಾಗೆ. ಈ ವಿದ್ಯೆಗೆ ತಂತ್ರಾಂಶದಲ್ಲಿ ಗುಂಡಿಯಿಲ್ಲ.

ಹಾಗಾಗಿ ಶನಿವಾರದ ಅಭ್ಯಾಸಕ್ಕೆ ಇನ್ನೆರಡು ಕುರ್ಚಿ ಹಾಕಿದೆ. ತೆರೆಯಲ್ಲಿ ಅಜ್ಜಿ, ಎದುರು ವಕೀಲ. ಪಕ್ಕದಲ್ಲಿ ನ್ಯಾಯಾಧೀಶನಾಗಿ ಒಬ್ಬ ಕೇಳಿ ಬರೆಸುತ್ತಾನೆ, ಇನ್ನೊಬ್ಬಳು ಟೈಪ್ ಮಾಡುತ್ತಾಳೆ. ವಕೀಲನ ಒಂದು ಕಣ್ಣು ಸಾಕ್ಷಿಯ ಮೇಲಿದ್ದರೆ ಇನ್ನೊಂದು ಆ ಕಾಗದದ ಮೇಲಿರಬೇಕು. ಮೊದಲ ಶನಿವಾರವೇ “ಸರಿಯಲ್ಲ”ಕ್ಕೂ “ಗೊತ್ತಿಲ್ಲ”ಕ್ಕೂ ಜಗಳ ಹತ್ತಿ ಕ್ಯಾಂಟೀನ್ ಮುಚ್ಚುವವರೆಗೂ ನಡೆಯಿತು. ಆ ಬಾಯಿ ತೆರೆಯದ ಹುಡುಗಿ ಎದ್ದು, “ಸ್ವಾಮಿ, ಸಾಕ್ಷಿ ಹೇಳಿದ ಮಾತನ್ನೇ ದಯವಿಟ್ಟು ಬರೆಸಬೇಕು” ಎಂದಳು. ನ್ಯಾಯಾಧೀಶನಾಗಿದ್ದವನು “ಕೂತ್ಕೊಳ್ಳಿ” ಎಂದು ಗದರಿಸಿದ. ಅವಳು ಕೂರಲಿಲ್ಲ.

ಟಿಪ್ಪಣಿ ಕೊಟ್ಟಿದ್ದೇನೆ: ತಂತ್ರಾಂಶ ಇರಲಿ, ಆದರೆ ಕೋರ್ಟಿನ ಭೇಟಿಗೆ ಬದಲಾಗಿ ಅಲ್ಲ. ಪ್ರಾಧ್ಯಾಪಕರು ಓದಿ, “ಹಾಗಾದ್ರೆ ಬಸ್ಸಿಗೆ ನೀನೇ ಓಡಾಡಬೇಕಮ್ಮಾ” ಎಂದರು. ಓಡಾಡುತ್ತಿದ್ದೇನೆ. ಬರುವ ಬುಧವಾರ ಒಂದು ಕೊಲೆ ಮೊಕದ್ದಮೆಯಲ್ಲಿ ಪಂಚ ಸಾಕ್ಷಿ ಇದೆಯಂತೆ, ಸಾಕ್ಷಿ ಬಂದರೆ.