ಒಂದೇ ಡಬ್ಬದೊಳಗೆ ಎರಡು ಒಲೆ

ನಮ್ಮ ರೂಮಿನ ಪಿಸಿ ನಾಲ್ಕು ಜನ ದುಡ್ಡು ಹಾಕಿ ಕೊಂಡಿದ್ದು. ರೈಜೆನ್ 5 3600 ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 450 ವಾಟ್ ಪವರ್ ಸಪ್ಲೈ. ನಮ್ಮಲ್ಲಿ ಮೂವರಿಗೆ ಅದು ಗೇಮ್ ಆಡೋ ಮಷೀನು. ನಾಲ್ಕನೆಯವನಿಗೆ ಅನ್ನ. ಅವನು ಮದುವೆ ವಿಡಿಯೋ ಎಡಿಟ್ ಮಾಡಿಕೊಡ್ತಾನೆ, ಮೆಸ್ ಬಿಲ್ ಕಟ್ಟೋದು ಅದೇ ದುಡ್ಡಲ್ಲಿ. ಏಪ್ರಿಲ್‌ನಲ್ಲಿ ಇಂಟರ್ನಲ್ಸ್ ಮುಗಿದ ವಾರ ಓವರ್‌ಕ್ಲಾಕ್ ಮಾಡೋಣ ಅಂತ ಮಾತು ಬಂದಾಗ ಅವನದು ಒಂದೇ ಷರತ್ತು: "ಏನಾದ್ರೂ ಮಾಡ್ಕೊಳ್ರಪ್ಪಾ, ಎಕ್ಸ್‌ಪೋರ್ಟ್ ಮಧ್ಯೆ ಆಫ್ ಆಗಬಾರದು."

(ಓವರ್‌ಕ್ಲಾಕಿಂಗ್‌ಗೆ ಕನ್ನಡ ಪದ ಹುಡುಕಿ ಅಂದ್ರು ಕ್ಲಬ್ಬಿನವರು. 'ವೇಗಮೀರಿಕೆ' ಅಂತ ಒಂದು ಹೊಳೀತು. ಓದಿ ನಮಗೇ ನಗು ಬಂತು, ಬಿಟ್ವಿ.)

1998ರಲ್ಲಿ, ನಾವು ಹುಟ್ಟೋದಕ್ಕೂ ಮುಂಚೆ, ಇಂಟೆಲ್‌ನ ಸೆಲೆರಾನ್ 300ಎ ಅನ್ನೋ ಅಗ್ಗದ ಚಿಪ್ ಬಂದಿತ್ತು. 300 ಮೆಗಾಹರ್ಟ್ಸ್‌ನ ಆ ಚಿಪ್ಪನ್ನ ಜನ 450ಕ್ಕೆ ಓಡಿಸ್ತಿದ್ರು. ಒಂದೂವರೆ ಪಟ್ಟು ವೇಗ, ಪುಕ್ಕಟೆ! ಈಗ ಅಷ್ಟು ಜಾಗ ಉಳಿದಿಲ್ಲ. ನಮ್ಮ 3600 ಚಿಪ್ಪಿನ ಮೂಲ ವೇಗ 3.6 ಗಿಗಾಹರ್ಟ್ಸ್, ಆದರೆ ಬೇಕಾದಾಗ ತಾನೇ 4.2ರವರೆಗೆ ಏರುತ್ತೆ. ಅದಕ್ಕಿಂತ ಹೆಚ್ಚು ಕೇಳಿದರೆ ವೋಲ್ಟೇಜ್ ಕೊಡಬೇಕು. ವೋಲ್ಟೇಜ್ ಕೊಟ್ಟರೆ ಬಿಸಿ. ಚಿಪ್ ತಿನ್ನೋ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರೋದರಿಂದ, 1.2 ವೋಲ್ಟನ್ನ 1.35 ಮಾಡಿದರೆ ವೇಗ ಅಷ್ಟೇ ಇದ್ದರೂ ಬಿಸಿ ಸುಮಾರು ಕಾಲು ಭಾಗ ಜಾಸ್ತಿ. ಕ್ಲಾಸಲ್ಲಿ ಬರೆದುಕೊಂಡ ಸೂತ್ರ ಕೈಗೆ ಬಿಸಿ ಮುಟ್ಟಿಸಿದ್ದು ಇದೇ ಮೊದಲು.

ಒಂದೊಂದನ್ನೇ ಪರೀಕ್ಷೆ ಮಾಡಿದ್ವಿ. ಮೊದಲು ಕಾರ್ಡ್: ಆಫ್ಟರ್‌ಬರ್ನರ್‌ನಲ್ಲಿ ಕೋರ್‌ಗೆ 100, ಮೆಮೊರಿಗೆ 600 ಮೆಗಾಹರ್ಟ್ಸ್ ಸೇರಿಸಿ ಹೆವೆನ್ ಬೆಂಚ್‌ಮಾರ್ಕ್ ಒಂದು ಗಂಟೆ ಓಡಿಸಿದ್ವಿ. ಪರದೆ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಆಮೇಲೆ ಕಾರ್ಡನ್ನ ಮೊದಲಿನ ಸ್ಥಿತಿಗೆ ತಂದು, ಪ್ರೊಸೆಸರ್‌ನ ಆರೂ ಕೋರ್‌ಗಳನ್ನ 4.1ಕ್ಕೆ ಕಟ್ಟಿಹಾಕಿ ಅರ್ಧ ಗಂಟೆ ಸಿನೆಬೆಂಚ್. ಚಿಪ್ ಜೊತೆ ಬಂದ ಪುಟ್ಟ ಕೂಲರ್ ಕೆಳಗೆ 88 ಡಿಗ್ರಿ. ಇದರ ಮಿತಿ 95. ಅದೂ ಪಾಸು.

ಎರಡನ್ನೂ ಒಟ್ಟಿಗೆ ಇಟ್ಟು ಸೈಬರ್‌ಪಂಕ್ 2077 ಶುರು ಮಾಡಿದ್ವಿ. ಇಪ್ಪತ್ತು ನಿಮಿಷಕ್ಕೆ ನೀಲಿ ಸ್ಕ್ರೀನ್. ಇನ್ನೊಮ್ಮೆ ಆಡಿದರೂ ಅದೇ ಕಥೆ.

ಇಲ್ಲಿ ಒಂದು ಸುಳಿವಿದೆ. ಕಾರ್ಡ್ ಮುನಿಸಿಕೊಂಡರೆ ಸಾಮಾನ್ಯವಾಗಿ ಪರದೆ ಮೇಲೆ ಬಣ್ಣದ ಚುಕ್ಕೆ ಬರುತ್ತೆ, ಇಲ್ಲಾ ಡ್ರೈವರ್ ಬಿದ್ದು ಗೇಮ್ ಮಾತ್ರ ಮುಚ್ಚಿಕೊಳ್ಳುತ್ತೆ. ಇಡೀ ಮಷೀನೇ ಬಿದ್ದರೆ ಮೊದಲ ಅನುಮಾನ ಪ್ರೊಸೆಸರ್ ಮೇಲೆ. ಆದ್ರೆ ಅದು ಒಂಟಿಯಾಗಿ ಪಾಸಾಗಿತ್ತಲ್ಲ? ಪವರ್ ಸಪ್ಲೈ ಸಾಲಲಿಲ್ಲ ಅಂದ ಒಬ್ಬ. ಕಾರ್ಡ್‌ದು 125 ವಾಟ್, ಪ್ರೊಸೆಸರ್ 100 ತಿಂದರೂ 450ರ ಹತ್ತಿರಕ್ಕೂ ಹೋಗಲ್ಲ. ಕೊನೆಗೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ ಅದೇ ಗೇಮ್ ಆಡಿದ್ವಿ. ಒಂದೂವರೆ ಗಂಟೆ ಏನೂ ಆಗಲಿಲ್ಲ.

ಗೊತ್ತಾಯ್ತು. ಕಾರ್ಡ್ ತನ್ನ ಬಿಸಿಗಾಳಿಯನ್ನ ಡಬ್ಬದೊಳಗೇ ಉಗುಳುತ್ತೆ, ಮೇಲಿರೋ ಪ್ರೊಸೆಸರ್ ಕೂಲರ್ ಅದನ್ನೇ ಎಳ್ಕೊಳ್ಳುತ್ತೆ. ದಾವಣಗೆರೆ ಏಪ್ರಿಲ್‌ನಲ್ಲಿ ರೂಮೇ ಮಂಡಕ್ಕಿ ಭಟ್ಟಿ, ಅದರೊಳಗೆ ಇದೊಂದು. ಬಿಸಿ ಏರಿದಂತೆ ಕಾರ್ಡ್ ಕೂಡ ತನ್ನ ವೇಗವನ್ನ ತಾನೇ ಇಳಿಸಿಕೊಳ್ತಿತ್ತು. ಅಂದರೆ ನಾವು ಸೇರಿಸಿದ ನೂರರಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗ್ತಿತ್ತು.

ಇನ್ನೊಂದು ತಮಾಷೆ. ಆರೂ ಕೋರ್ 4.1ಕ್ಕೆ ಕಟ್ಟಿದಾಗ, ಒಂದೆರಡು ಕೋರ್ 4.2ಕ್ಕೆ ಜಿಗಿಯೋ ಅವಕಾಶ ಹೋಗುತ್ತೆ. ಕೌಂಟರ್ ಸ್ಟ್ರೈಕ್ 2ರಲ್ಲಿ ನಮಗೆ ಸಿಕ್ಕ ಲಾಭ ಸೊನ್ನೆ. ಸಿನೆಬೆಂಚ್ ಅಂಕ ಮಾತ್ರ ಏರಿತ್ತು, ಸ್ಟೇಟಸ್ ಹಾಕೋಕೆ ಚೆನ್ನಾಗಿತ್ತು. ನಿಜವಾಗಿ ಆ 4.1ರಿಂದ ಉಪಯೋಗ ಇದ್ದದ್ದು ಒಬ್ಬನಿಗೇ, ಎಡಿಟ್ ಮಾಡೋನಿಗೆ. ಅವನ ಎಕ್ಸ್‌ಪೋರ್ಟ್ ಆರೂ ಕೋರ್ ದುಡಿಸುತ್ತೆ. ಹಾಗಾದ್ರೆ ಡಬ್ಬದ ಬಿಸಿಯಲ್ಲಿ ಯಾರ ಪಾಲು ಎಷ್ಟು? ರಾತ್ರಿ ಹನ್ನೊಂದರವರೆಗೆ ಜಗಳ. ನಮಗೆ ಕಾರ್ಡ್ ಬೇಕು, ಅವನಿಗೆ ಪ್ರೊಸೆಸರ್ ಕೊಡೋಣ ಅಂತ ನಾವೇ ಸ್ವಲ್ಪ ದೊಡ್ಡತನ ತೋರಿಸಿದ್ವಿ. ಅವನು ಬೇಡ ಅಂದ. "ಹತ್ತು ನಿಮಿಷ ಲೇಟಾದ್ರೆ ಸ್ಟುಡಿಯೋದವರು ಬೈಯಲ್ಲ. ಫೈಲ್ ಹೋದ್ರೆ ಮುಂದಿನ ಮದುವೆ ಬೇರೆಯವನಿಗೆ."

ಪ್ರೊಸೆಸರನ್ನ ಅದರ ಪಾಡಿಗೆ ಬಿಟ್ವಿ. ಕಾರ್ಡ್‌ಗೆ ಉಲ್ಟಾ ದಾರಿ ಹಿಡಿದ್ವಿ: ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಬರೋ ಗೆರೆಯನ್ನ 0.9 ವೋಲ್ಟ್‌ಗೆ 1900 ಮೆಗಾಹರ್ಟ್ಸ್ ಅಂತ ಚಪ್ಪಟೆ ಮಾಡಿದ್ವಿ. ಮೆಮೊರಿಗೆ 500 ಸಾಕು. ಮುಂದೆ ಒಂದು 120 ಮಿಲಿಮೀಟರ್ ಫ್ಯಾನ್ ಹಾಕಿದ್ವಿ. ಬಾಗಿಲು ಮುಚ್ಚಿ ಅದೇ ಗೇಮ್ ಮೂರು ಗಂಟೆ ಆಡಿದ್ವಿ, ಆಮೇಲೆ ರಾತ್ರಿಯಿಡೀ ಒಂದು ಮುಹೂರ್ತದ ವಿಡಿಯೋ ಎಕ್ಸ್‌ಪೋರ್ಟ್‌ಗೆ ಇಟ್ವಿ. ಬೆಳಿಗ್ಗೆ ಫೈಲ್ ಇತ್ತು.

ಮೇನಲ್ಲಿ ಸೆಕೆ ಇನ್ನೂ ಏರಿದರೆ 1900ನ್ನ 1850 ಮಾಡೋದು ಅಂತ ಚೀಟಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿದ್ದೀವಿ. ನಾಲ್ಕೂ ಜನರ ಸಹಿ ಇದೆ.