ಆಲ್ಕಟ್ರಾಜ್: ಮೂವರು ಹೋದರು, ಒಬ್ಬ ಉಳಿದ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ದಡದಲ್ಲಿ ನಿಂತರೆ ಕೊಲ್ಲಿಯ ನಡುವೆ ಬಂಡೆಯಂಥ ದ್ವೀಪವೊಂದು ಕಾಣುತ್ತದೆ. ಅದೇ ಆಲ್ಕಟ್ರಾಜ್. ದೂರ ಎರಡೇ ಕಿಲೋಮೀಟರು. ಹುಣಸೂರು, ಗಾವಡಗೆರೆ ಕಡೆಯ ಕೆರೆಗಳಲ್ಲಿ ಈಜು ಕಲಿತ ಹುಡುಗರಿಗೆ ಇದೇನು ಮಹಾ ಎನ್ನಿಸಬಹುದು. ಆದರೆ ಇಲ್ಲಿನ ನೀರಿನ ಉಷ್ಣಾಂಶ 10ರಿಂದ 12 ಡಿಗ್ರಿ ಸೆಲ್ಸಿಯಸ್. ತಣ್ಣೀರು ಅಷ್ಟೇ ತಣ್ಣನೆಯ ಗಾಳಿಗಿಂತ ಬಹುಬೇಗ ದೇಹದ ಶಾಖವನ್ನು ಹೀರುತ್ತದೆ. ಜೊತೆಗೆ ಉಬ್ಬರವಿಳಿತದ ಸೆಳೆತ. ಈ ನೀರನ್ನೇ ಕಾವಲಿಗೆ ನಂಬಿ 1934ರಲ್ಲಿ ಇಲ್ಲಿ ಕೇಂದ್ರ ಸರ್ಕಾರದ ಸೆರೆಮನೆ ತೆರೆಯಲಾಯಿತು.

ಇಂದು ಅದು ಪ್ರವಾಸಿ ತಾಣ. ಮಕ್ಕಳ ಮನೆಗೆಂದು ಹೋದ ಕನ್ನಡದ ತಂದೆತಾಯಿಯರೂ ದೋಣಿ ಹತ್ತುತ್ತಾರೆ. ಎಲ್ಲರೂ ಹೆಚ್ಚು ಹೊತ್ತು ನಿಲ್ಲುವುದು ಗೋಡೆಯ ಬುಡದಲ್ಲಿ ತೂತು ಬಿದ್ದ ಕೆಲವು ಕೋಣೆಗಳ ಮುಂದೆ.

ಅಲ್ಲಿದ್ದವರು ನಾಲ್ವರು. ಬ್ಯಾಂಕ್ ದರೋಡೆಕೋರರಾದ ಫ್ರಾಂಕ್ ಮಾರಿಸ್, ಜಾನ್ ಆಂಗ್ಲಿನ್, ಅವನ ತಮ್ಮ ಕ್ಲಾರೆನ್ಸ್; ಕಾರು ಕಳ್ಳ ಆಲೆನ್ ವೆಸ್ಟ್. ಹಿಂದಿನ ಜೈಲುಗಳಲ್ಲೇ ಆಗಿದ್ದ ಪರಿಚಯ ಇಲ್ಲಿ ಸ್ನೇಹವಾಗಿ ಬಲಿಯಿತು. 1961ರ ಡಿಸೆಂಬರಿನಲ್ಲಿ ಹಂಚಿಕೆ ಶುರು. ಒಬ್ಬ ಕೊರೆಯುವಾಗ ಇನ್ನೊಬ್ಬ ಕಾವಲು. ಚಮಚ, ಕೆಟ್ಟ ವ್ಯಾಕ್ಯೂಮ್ ಕ್ಲೀನರಿನ ಮೋಟಾರು, ಇವೇ ಆಯುಧ. ಗಾಳಿಕಿಂಡಿಯ ಸುತ್ತ ಗೋಡೆ ಕೊರೆದರು. ಐವತ್ತಕ್ಕೂ ಹೆಚ್ಚು ರೇನ್‌ಕೋಟುಗಳನ್ನು ಸೇರಿಸಿ, ಬಿಸಿ ಹಬೆಯ ಕೊಳವೆಗೆ ಒತ್ತಿ ಅಂಚು ಬೆಸೆದು, ತೆಪ್ಪ ಮತ್ತು ತೇಲಂಗಿ ಮಾಡಿದರು. ತೆಪ್ಪಕ್ಕೆ ಗಾಳಿ ತುಂಬಲು ತಿದಿಯಿರುವ ಒಂದು ವಾದ್ಯ! ಹಾಸಿಗೆಯ ಮೇಲಿಡಲು ಸೋಪು, ಕಾಗದ, ನಿಜವಾದ ಕೂದಲಿನ ತಲೆಗಳು.

1962ರ ಜೂನ್ 11ರ ರಾತ್ರಿ ಮೂವರು ಹೊರಬಿದ್ದರು. ವೆಸ್ಟ್‌ನ ಕಿಂಡಿ ಸಾಕಷ್ಟು ಅಗಲವಾಗಿರಲಿಲ್ಲ. ಗೆಳೆಯರು ಕಾಯಲಿಲ್ಲ. ಕೊನೆಗೂ ಅವನು ಸೂರು ಹತ್ತಿದಾಗ ಅಲ್ಲಿ ಯಾರೂ ಇರಲಿಲ್ಲ. ಮರಳಿ ಕೋಣೆಗೆ ಬಂದು ಮಲಗಿದ. ಹಂಚಿಕೆಯ ವಿವರಗಳು ಲೋಕಕ್ಕೆ ತಿಳಿದದ್ದು ಹೆಚ್ಚಾಗಿ ಅವನ ಬಾಯಿಂದಲೇ.

ಹೋದವರ ಕುರುಹಾಗಿ ಸಿಕ್ಕಿದ್ದು ರಬ್ಬರಿನಲ್ಲಿ ಸುತ್ತಿದ ಪತ್ರಗಳ ಕಟ್ಟು, ಹುಟ್ಟು, ತೇಲಂಗಿ. 1963ರ ಮಾರ್ಚ್ 21ರಂದು ಜೈಲೇ ಮುಚ್ಚಿತು. 1979ರಲ್ಲಿ ಎಫ್‌ಬಿಐ ತನ್ನ ತನಿಖೆ ನಿಲ್ಲಿಸಿತು. ಮುಳುಗಿದರೋ, ದಡ ಸೇರಿದರೋ, ಇಂದಿಗೂ ಒಗಟು.

ತೂತಿನ ಮುಂದೆ ನಿಂತ ಹುಡುಗರು "ಎಂಥ ತಲೆ!" ಎನ್ನುತ್ತಾರೆ. ನಿಜ. ಆ ತಲೆ, ಆ ತಾಳ್ಮೆ ಅವರಲ್ಲಿ ಜೈಲಿಗೆ ಬರುವ ಮೊದಲೂ ಇತ್ತು. ದಾರಿ ಹಿಡಿದು ತೋರಿಸುವವರು ಇರಲಿಲ್ಲವೇನೊ.